ಒಂದು ಮೂಗಿಗಾಗಿ ಬೆಳೆದ ರೋಸ್‌ಮೇರಿ

ಮನುಷ್ಯನ ಐದು ಇಂದ್ರಿಯಗಳಲ್ಲಿ ಆತ್ಮಕ್ಕೆ ಅತ್ಯಂತ ಸಮೀಪವಾದದ್ದು ಮೂಗು. ಕಣ್ಣು ಮರೆತದ್ದನ್ನೂ ಕಿವಿ ಕಳೆದುಕೊಂಡದ್ದನ್ನೂ ಅದು ಜನ್ಮವಿಡೀ ಜೋಪಾನ ಮಾಡುತ್ತದೆ. ಹೀಗೆಂದು ತಿಳಿದವರು ಹೇಳುತ್ತಾರೆ. ತಿಳಿದವರು ಯಾರೂ ಲಗ್ಗೆರೆಯಲ್ಲಿ ಮನೆ ಮಾಡಿಕೊಂಡು ಇದ್ದವರಲ್ಲ. ನಮ್ಮ ಬೀದಿಯಲ್ಲಿ ಮೂಗು ಇರುವುದು ಕನ್ನಡಕ ಕೂರಿಸಲಿಕ್ಕೆ. ಪೀಣ್ಯದ ಕಡೆಯಿಂದ ಗಾಳಿ ಬೀಸಿದರೆ ಬೆಳಿಗ್ಗೆ ರಬ್ಬರು, ಮಧ್ಯಾಹ್ನ ಲೇತ್ ಮಷೀನಿನ ಎಣ್ಣೆ, ಸಂಜೆ ಆಸಿಡ್ಡು, ನಡುನಡುವೆ ಮೋರಿ. ಯಾವಾಗಲೋ ಗಾಳಿ ದಾರಿ ತಪ್ಪಿ ಬೇಕರಿಯ ಬನ್ನಿನ ವಾಸನೆ ತಂದರೆ ಅದನ್ನು ಹಬ್ಬವೆಂದು ಪರಿಗಣಿಸುತ್ತೇವೆ.

ಇಂಥ ಬೀದಿಯ ಕೊನೆಯ ಮನೆಯಿಂದ ಕೆಲವು ವರ್ಷ ಬೇರೊಂದು ವಾಸನೆ ಬರುತ್ತಿತ್ತು. ಆ ಮನೆಯಾಕೆಯ ಬಗ್ಗೆ ಬರೆಯಲು ಹೊರಟಿದ್ದೇನೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ಬಳಸಿದವರೂ ಕಡಿಮೆ. 'ರೋಸ್‌ಮೇರಿ ಅಕ್ಕ' ಎಂದರೆ ಕೊರಿಯರಿನವರೂ ನೇರವಾಗಿ ಆ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಬೀದಿಗೆ ಹೊಸದಾಗಿ ಬಂದವರು ಆಕೆಯನ್ನು ಕ್ರೈಸ್ತರೆಂದು ಭಾವಿಸಿ ಡಿಸೆಂಬರಿನಲ್ಲಿ ಕೇಕಿನ ನಿರೀಕ್ಷೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಹಣೆಯ ಕಾಸಗಲ ಕುಂಕುಮ ನೋಡಿ ನಿರೀಕ್ಷೆಯನ್ನು ಯುಗಾದಿಗೆ ಮುಂದೂಡುತ್ತಿದ್ದರು. ಎರಡು ಹಬ್ಬಕ್ಕೂ ಆ ಮನೆಯಿಂದ ಸಿಹಿ ಬರುತ್ತಿರಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ರೋಸ್‌ಮೇರಿಯನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಸರ್ವೆ ಗಿಡದ ಮರಿ ಬೆಳೆಯಲು ಮನಸ್ಸಿಲ್ಲದೆ ಮೊಂಡು ಹಿಡಿದು ಕೂತಂತಿರುವ ಒಂದು ಪೊದೆ. ಎಲೆ ಸೂಜಿಯಂತೆ, ಮೇಲೆ ಹಸಿರು, ಕೆಳಗೆ ಬೂದಿ. ಬೆರಳಲ್ಲಿ ಉಜ್ಜಿದರೆ ನೀಲಗಿರಿ ಎಣ್ಣೆ, ಕರ್ಪೂರ, ಒಣಹುಲ್ಲು ಮೂರೂ ಒಟ್ಟಿಗೆ ಮೂಗಿಗೆ ನುಗ್ಗುತ್ತವೆ. ದೊಡ್ಡ ಹೋಟೆಲುಗಳಲ್ಲಿ ಬ್ರೆಡ್ಡಿನ ಮೇಲೂ ಆಲೂಗಡ್ಡೆಯ ಮೇಲೂ ಉದುರಿಸುತ್ತಾರಂತೆ. ನಮ್ಮಲ್ಲಿ ಆಕೆ ಅದನ್ನು ತುಳಸಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಎದುರುಮನೆಯ ಅಜ್ಜಿಯೊಬ್ಬರು ಕಣ್ಣು ಮಂಜಾದ ಕಾಲದಲ್ಲಿ ತುಳಸಿಯೆಂದುಕೊಂಡು ಇದಕ್ಕೇ ಪ್ರದಕ್ಷಿಣೆ ಹಾಕಿ ಕೈಮುಗಿದು ಹೋಗುತ್ತಿದ್ದರು. ಆಕೆ ತಿದ್ದಲಿಲ್ಲ. "ಸುತ್ತಲಿ ಬಿಡಿ. ಯಾರ ಪುಣ್ಯದಲ್ಲಾದ್ರೂ ಇದು ಕೆಲಸ ಮಾಡ್ಬೇಕಲ್ಲ" ಎನ್ನುತ್ತಿದ್ದರು.

ಯಾವ ಕೆಲಸ ಎಂದು ತಿಳಿಯಬೇಕಾದರೆ ಆಕೆಯ ಯಜಮಾನರ ಮೂಗಿನ ಕಥೆ ಹೇಳಬೇಕು.

ಅವರು ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಲೋಹದ ತುಂಡುಗಳಿಗೆ ಕ್ರೋಮಿಯಂ ಹೊಳಪು ಹತ್ತಿಸುವ ಕೆಲಸ. ಹಬೆಯಾಡುವ ಆಸಿಡ್ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಬಚ್ಚಲಮನೆಯ ನಲ್ಲಿಯೂ ಮದುಮಗನಂತೆ ಮಿಂಚುತ್ತದೆ. ಆ ಹಬೆ ತೊಟ್ಟಿಯಲ್ಲೇ ಉಳಿಯುವುದಿಲ್ಲ. ಪಕ್ಕದಲ್ಲಿ ನಿಂತವನ ಮೂಗಿನೊಳಗೂ ತನ್ನ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಹೊಳಪು ಬರುವುದಿಲ್ಲ.

ಮದುವೆಯಾಗಿ ನಮ್ಮ ಬೀದಿಗೆ ಬಂದ ಹೊಸತರಲ್ಲಿ ಅವರ ಮೂಗು ಸಾರ್ವಜನಿಕ ಸಂಸ್ಥೆಯಂತಿತ್ತು. ಸಂಜೆ ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬೀದಿಯ ತಿರುವಿಗೆ ಬಂದು, ಕೊನೆಯ ಮನೆಯಲ್ಲಿ ಆಕೆ ಇಟ್ಟ ಒಗ್ಗರಣೆಯನ್ನು ಹಿಡಿದು, "ಇವತ್ತು ಹುರುಳಿಕಾಳು ಬಸ್ಸಾರು!" ಎಂದು ಕೂಗುತ್ತಿದ್ದರು. ಆಕೆ ಒಳಗಿನಿಂದಲೇ "ಬರೀ ಹುರುಳಿನಾ? ಇನ್ನೊಂದ್ಸಲ ಮೂಸಿ!" ಎನ್ನುತ್ತಿದ್ದರು. "ಹುರುಳಿ ಜೊತೆ ಸಬ್ಬಸಿಗೆ!" ಎಂದು ಅವರು ಗೇಟು ತಲುಪುವಷ್ಟರಲ್ಲಿ ಉತ್ತರ ಸಿದ್ಧ. ದಾರಿಯುದ್ದಕ್ಕೂ ಮಿಕ್ಕವರ ಮನೆಯ ಅಡುಗೆಯನ್ನೂ ಘೋಷಿಸಿಕೊಂಡು ಬರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ನಿನ್ನೆಯ ಸಾರನ್ನೇ ಬಿಸಿ ಮಾಡಿದ ಸಂಗತಿ ಗುಟ್ಟಾಗಿ ಉಳಿಯುತ್ತಿರಲಿಲ್ಲ. ನನ್ನ ಹೆಂಡತಿಗೆ ಆ ಮೂಗಿನ ಮೇಲೆ ಕೋಪವಿತ್ತು.

ಆ ಕಾಲದ ಪ್ಲೇಟಿಂಗ್ ಶೆಡ್ಡುಗಳಲ್ಲಿ ಒಂದು ಸಂಪ್ರದಾಯವಿತ್ತು. ಹೊಸಬನಿಗೆ ಮೊದಮೊದಲು ಹಬೆಯಿಂದ ಮೂಗು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸೀನಿದರೆ ಕರ್ಚೀಫಿನಲ್ಲಿ ರಕ್ತ. ಹಳಬರು ಅವನ ಹೊಳ್ಳೆಗಳಿಗೆ ಕೊಬ್ಬರಿ ಎಣ್ಣೆ ಸವರಿ, ಬಾಯಿಗೊಂದು ಚೂರು ಬೆಲ್ಲ ಹಾಕಿ, "ತಡ್ಕೋ ಮಗಾ, ಮೂಗು ಪಳಗ್ಬೇಕು" ಎನ್ನುತ್ತಾರೆ. ದಿನ ಕಳೆದಂತೆ ಉರಿ ಕಡಿಮೆಯಾಗುತ್ತದೆ. ಒಂದು ದಿನ ತೊಟ್ಟಿಯ ಮೇಲೆ ಬಗ್ಗಿ ನಿಂತರೂ ಏನೂ ಅನ್ನಿಸುವುದಿಲ್ಲ. ಅಂದಿನಿಂದ ಅವನು ಪ್ಲೇಟರ್. ಆ ದಿನ ಅವನು ಇಡೀ ಶೆಡ್ಡಿಗೆ ಸಿಹಿ ಹಂಚಬೇಕು. ಮೂಗು ಸತ್ತದ್ದನ್ನು ಮೂಗು ಪಳಗಿತೆಂದು ತಿಳಿದು ಬಡ್ತಿಯ ಹಾಗೆ ಆಚರಿಸುತ್ತಿದ್ದವರು ಮೂರ್ಖರಲ್ಲ. ತೊಟ್ಟಿಯ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಲ್ಲಬೇಕಾದವರಿಗೆ ಬೇರೆ ರೀತಿ ತಿಳಿದುಕೊಳ್ಳುವುದು ಕಷ್ಟ.

ಯಜಮಾನರ ಮೂಗು ಪಳಗಿದ ದಿನ ಆಕೆ ಶೆಡ್ಡಿಗೆ ಮಾತ್ರವಲ್ಲ, ಬೀದಿಗೂ ಸಿಹಿ ಹಂಚಿದರು. ತುಪ್ಪ ಸುರಿದು ಮೈಸೂರು ಪಾಕು ಮಾಡಿ, ತಟ್ಟೆಗೆ ಕ್ರೋಷಾ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಬಂದರು. "ನಮ್ಮನೆಯವ್ರಿಗೆ ಮೂಗು ಪಳಗ್ತಂತೆ ಕಣ್ರೀ! ಇನ್ಮೇಲೆ ಅವ್ರನ್ನ ಪಕ್ಕಾ ಪ್ಲೇಟರ್ ಅಂತಾರಂತೆ." ಎಲ್ಲರೂ ಒಳ್ಳೆಯದಾಗಲಿ ಎಂದು ಹರಸಿ ತಿಂದೆವು. ಚೆನ್ನಾಗಿತ್ತು. ತಿರುವಿನಲ್ಲಿ ಕೂಗುವುದು ಆಮೇಲೆ ನಿಂತುಹೋಯಿತು. ಶೆಡ್ಡಿನಲ್ಲಿ ದೊಡ್ಡವರಾದವರು ಬೀದಿಯಲ್ಲಿ ಬಸ್ಸಾರೆಂದು ಕೂಗುವುದು ಶೋಭಿಸುವುದಿಲ್ಲ ಎಂದು ನಾವು ನಾವೇ ತೀರ್ಮಾನಿಸಿಕೊಂಡೆವು.

ನಿವೃತ್ತಿಯಾಗಿ ಮನೆಯಲ್ಲಿ ಕೂತಮೇಲೆ ಸತ್ಯ ಹೊರಬಿತ್ತು. ಒಂದು ಬೆಳಿಗ್ಗೆ ಆಕೆ ಒಲೆಯ ಮೇಲೆ ಹಾಲಿಟ್ಟು, "ನೋಡ್ಕೊಳ್ಳಿ" ಎಂದು ಹೇಳಿ ಅಂಗಡಿಗೆ ಹೋಗಿದ್ದರು. ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ, ಹೊಗೆ ಕಿಟಕಿಯಿಂದ ಹೊರಬಂದು ನಾವೆಲ್ಲ ಓಡಿ ಹೋದರೆ ಅವರು ಅಡುಗೆಮನೆಯ ಬಾಗಿಲಲ್ಲೇ, ಒಲೆಗೆ ಬೆನ್ನು ಹಾಕಿಕೊಂಡು ಪೇಪರು ಓದುತ್ತ ಕೂತಿದ್ದರು. "ಏನ್ ಸಾರ್, ಎಲ್ಲಾ ಒಟ್ಟಿಗೆ ಬಂದ್ಬಿಟ್ರಿ?" ಎಂದು ನನ್ನನ್ನು ಕೇಳಿದರು.

ಆಸ್ಪತ್ರೆಯಲ್ಲಿ ವೈದ್ಯರು ಟಾರ್ಚು ಹಾಕಿ ನೋಡಿ, ಮೂಗಿನ ನಡುಗೋಡೆ ತೂತಾಗಿದೆ, ವಾಸನೆಯ ಶಕ್ತಿ ಹೋಗಿ ಬಹಳ ಕಾಲವಾಗಿದೆ, ಯಾವಾಗ ಶುರುವಾಯಿತು ಎಂದು ಕೇಳಿದರಂತೆ. ಯಜಮಾನರು ಗೊತ್ತಿಲ್ಲ ಎಂದರು. ಗೊತ್ತಿದ್ದವರು ಪಕ್ಕದಲ್ಲಿ ನಿಂತಿದ್ದರು. ಮನೆಗೆ ಬಂದ ಮೇಲೆ ಆಕೆ ನನ್ನ ಹೆಂಡತಿಯ ಮುಂದೆ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು:

"ಮೈಸೂರು ಪಾಕ್ ಹಂಚಿದ್ನಲ್ಲಕ್ಕಾ, ಆವತ್ತೇ ಕಣಕ್ಕಾ. ಅವ್ರ ಮೂಗಿನ ತಿಥಿ ಊಟ ನಾನೇ ನಗನಗ್ತಾ ಬಡಿಸ್ಬಿಟ್ಟೆ."

"ನಿಂಗೇನ್ ಗೊತ್ತಿತ್ತು? ಅವ್ರಿಗೇ ಗೊತ್ತಿರ್ಲಿಲ್ಲ" ಎಂದಳು ನನ್ನಾಕೆ.

"ಅಡುಗೆ ಮಾಡೋಳು ನಾನು. ಇಷ್ಟು ವರ್ಷ ಚೆನ್ನಾಗಿದೆ ಚೆನ್ನಾಗಿದೆ ಅಂತ ಉಂಡ್ರಲ್ಲ, ಬಾಯಿಮಾತಿಗೆ ಅಂತಿದಾರೆ ಅಂತ ನನಗೆ ತಿಳೀಬೇಕಿತ್ತೋ ಬೇಡ್ವೋ?"

ಅಂದಿನಿಂದ ಆ ಮನೆಯ ಒಲೆಯ ಮೇಲೆ ಸಕ್ಕರೆ ಪಾಕ ಏರಲಿಲ್ಲ. ಮತ್ತು ಆಕೆ ಬದುಕಿನಲ್ಲಿ ಒಂದೇ ಒಂದು ಕೆಲಸವನ್ನು ಕೈಗೆತ್ತಿಕೊಂಡರು: ಆ ಮೂಗನ್ನು ವಾಪಸು ತರುವುದು. ವೈದ್ಯರು ಇದು ಆಗದ ಮಾತು ಎಂದಿದ್ದರು. ಆಕೆ ಅದನ್ನು ಕೇಳಿಸಿಕೊಂಡಿದ್ದರು, ಒಪ್ಪಿಕೊಂಡಿರಲಿಲ್ಲ.

ಲವಂಗ, ನಿಂಬೆ, ಬಜೆ, ಇಂಗು ಎಲ್ಲ ಆಗಿ ಸೋತ ಮೇಲೆ ರೋಸ್‌ಮೇರಿ ಬಂತು. ತಂದವರು ಅವರ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಹೆಂಗಸು. ತುಮಕೂರು ರಸ್ತೆಯ ಯಾವುದೋ ಗಾಜಿನ ಕಟ್ಟಡದಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಬೇಲಿ ಕತ್ತರಿಸಿದ ಕಡ್ಡಿಗಳ ಹೊರೆಯನ್ನು ತಂದು ಅಂಗಳದಲ್ಲಿ ಕೆಡವಿದರು.

"ಏನಮ್ಮ ಇದು?"

"ಅಲ್ಲಿ ಕಸ ಅಂತ ಒಗೀತಾರ್ರೀ ಅಕ್ಕಾರ. ಒಣಗಿದ್ರ ಒಲಿಗಿ ಅಕ್ಕೈತಿ ಅಂತ ತಂದ್ನಿ. ಬಸ್ಸಿನಾಗ ಕಂಡಕ್ಟರು ಏನ್ ಸೆಂಟ್ ಹೊಡ್ಕೊಂಡೀಯವಾ ಅಂತ ಕೇಳ್ತಾನ್ರೀ, ನಾಚಿಕಿ ಬಂತು."

ಕಂಡಕ್ಟರಿಗೇ ತಾಗಿದ ವಾಸನೆ ಎಂದರೆ ಸಾಮಾನ್ಯದ್ದಲ್ಲ ಎಂದು ಆಕೆಗೆ ಅನ್ನಿಸಿತು. ಒಂದು ಕಡ್ಡಿ ಮುರಿದು ಒಳಗೆ ಹೋಗಿ ಯಜಮಾನರ ಮೂಗಿನ ಕೆಳಗೆ ಹಿಡಿದರು. ಅವರು ಎಂದಿನಂತೆ ಇಲ್ಲವೆಂದು ತಲೆಯಾಡಿಸಿದರು. ಹೊರಗೆ ಬಂದು ಉಳಿದ ಕಡ್ಡಿಗಳನ್ನು ಒಲೆಗೆ ಹಾಕಗೊಡದೆ ಎಲ್ಲವನ್ನೂ ನೆಟ್ಟರು. ಯಜಮಾನರು ಶೆಡ್ಡಿನ ಹಳೆಯ ನೀಲಿ ಆಸಿಡ್ ಡ್ರಮ್ಮುಗಳನ್ನು ಅರ್ಧ ಕತ್ತರಿಸಿ ತಂದುಕೊಡುತ್ತೇನೆ ಎಂದಾಗ, "ಆ ಡ್ರಮ್ಮು ನಮ್ಮನೆ ಮೆಟ್ಲು ಹತ್ತಕೂಡ್ದು" ಎಂದು, ಒಂದನ್ನು ಅಂಗಳದ ತುಳಸಿಯ ಪಕ್ಕದಲ್ಲಿಟ್ಟು, ಮಿಕ್ಕವನ್ನು ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ತಾರಸಿಯ ಮೇಲೆ ಬೆಳೆಸಿದರು.

ಆಮೇಲೆ ಆಕೆ ಮೂರು ದಿಕ್ಕಿನಿಂದ ಒಂದು ಮೂಗಿನ ಮೇಲೆ ದಂಡೆತ್ತಿ ಹೋದರು.

ಮೊದಲ ದಿಕ್ಕು ಅಡುಗೆಮನೆ. ಹಸಿ ಎಲೆ ಇಡಿಯಾಗಿ ಹಾಕಿದರೆ ಹಲ್ಲಿನ ಸಂದಿಗೆ ಚುಚ್ಚುತ್ತದೆ, ಸಣ್ಣಗೆ ಹೆಚ್ಚಿ ಮೊದಲು ಎಣ್ಣೆಯಲ್ಲಿ ಬಾಡಿಸಬೇಕು, ಒಣಗಿಸಿದ ಎಲೆ ಹಸಿಯದಕ್ಕಿಂತ ಖಾರ ಎಂಬುದನ್ನೆಲ್ಲ ಆಕೆ ಕಲಿತದ್ದು ನಮ್ಮ ಹೊಟ್ಟೆಯ ಮೇಲೆ. ಆಲೂಗಡ್ಡೆ ಪಲ್ಯಕ್ಕೆ ಅದು ಹುಟ್ಟಾ ನೆಂಟನ ಹಾಗೆ ಒಗ್ಗಿತು. ಅಕ್ಕಿ ರೊಟ್ಟಿಗೆ ಈರುಳ್ಳಿಯ ಜೊತೆ ಹಾಕಿದರೆ ಇನ್ನೊಂದು ರೊಟ್ಟಿ ಕೇಳುವಂತಿತ್ತು. ಚಟ್ನಿಪುಡಿಯಲ್ಲಿ ಕರಿಬೇವಿಗೆ ಪೈಪೋಟಿ ಕೊಟ್ಟಿತು. ಬೇಳೆಸಾರಿನಲ್ಲಿ ಮಾತ್ರ ಇಂಗೂ ಅದೂ ಎದುರುಬದುರಾಗಿ ನಿಂತು ಇಬ್ಬರಲ್ಲಿ ಯಾರೂ ಹಿಮ್ಮೆಟ್ಟಲಿಲ್ಲ. ಮಜ್ಜಿಗೆಗೂ ಹಾಕಿದ್ದರು, ಅದರ ವಿಚಾರ ಬೇಡ.

ಎರಡನೆಯದು ತಲೆ. ನಮ್ಮ ಕಡೆ ಬೋರ್‌ವೆಲ್ ನೀರಿಗೂ ಟ್ಯಾಂಕರ್ ನೀರಿಗೂ ತಲೆಕೂದಲಿನ ಮೇಲೆ ಹಗೆ. ಆಕೆ ಎಲೆಗಳನ್ನು ಕುದಿಸಿ, ಆರಿಸಿ, ಸೋಸಿದ ನೀರಿನಿಂದ ತಲೆ ತೊಳೆಯತೊಡಗಿದರು. ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಸಿಲಿಗಿಟ್ಟು ಹಚ್ಚಿಕೊಳ್ಳತೊಡಗಿದರು. ಉದ್ದೇಶ ಯಜಮಾನರ ಮೂಗೇ; ತಾವು ಹತ್ತಿರ ಸುಳಿದಾಗ ತಾಗಲಿ ಎಂದು. ಆದರೆ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಆಕೆಯ ಜಡೆ ಕಂಡು ಖಾಲಿ ಬಾಟಲಿ ಹಿಡಿದು ಸಾಲುಗಟ್ಟಿದರು. ಅವರ ಕೂದಲು ಬೆಳೆಯಿತೋ ಇಲ್ಲವೋ ಹೇಳಲಾರೆ; ಉದುರಿದ್ದನ್ನು ದಿನಾ ಬೆಳಿಗ್ಗೆ ನೋಡಿ ಅಳುವುದನ್ನಂತೂ ಬಿಟ್ಟರು. ನಾನೂ ಒಮ್ಮೆ ತಲೆಯೊಡ್ಡಿದೆ. ಆಕೆ ಗಂಭೀರವಾಗಿ ಪರಿಶೀಲಿಸಿ, "ನಿಮ್ದು ಗದ್ದೆ ಅಲ್ಲ ಸಾರ್, ಲೇಔಟ್ ಆಗೋಗಿದೆ. ಇಲ್ಲಿನ್ನು ಏನೂ ಬೆಳೆಯಲ್ಲ" ಎಂದು ಬಾಟಲಿಯ ಮುಚ್ಚಳ ತಿರುಗಿಸಿಬಿಟ್ಟರು.

ಮೂರನೆಯದು ಔಷಧಿ. ನೆಗಡಿಗೆ ಬಿಸಿನೀರಿನಲ್ಲಿ ಎಲೆ ಹಾಕಿ ಹಬೆ, ಮೊಣಕಾಲಿಗೆ ಎಣ್ಣೆಯ ನೀವಿಕೆ, ಹೊಟ್ಟೆಯುಬ್ಬರಕ್ಕೆ ಕಷಾಯ. ಬೀದಿಯ ಮಂಡಿಗಳೆಲ್ಲ ಸಂಜೆ ಆಕೆಯ ಜಗಲಿಯಲ್ಲಿ ಸಭೆ ಸೇರುತ್ತಿದ್ದವು. ಬಸುರಿಯರಿಗೂ ಫಿಟ್ಸ್ ಇರುವವರಿಗೂ ಮಾತ್ರ ಕೊಡುತ್ತಿರಲಿಲ್ಲ. "ಡಾಕ್ಟ್ರನ್ನ ಕೇಳ್ಕೊಂಡು ಬಾ, ನಾನು ಬರೀ ಗಿಡ ಇಟ್ಟಿರೋಳು" ಎಂದು ಕಳಿಸುತ್ತಿದ್ದರು. ಯಜಮಾನರಿಗೆ ಬೆಳಿಗ್ಗೆ ಸಂಜೆ ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದರು. ಅವರು ಒಳಗಿನಿಂದ ನನಗೆ ಹೇಳುತ್ತಿದ್ದರು: "ಮೊದ್ಲು ಹಬೇಲಿ ಕೆಡಿಸ್ಕೊಂಡೆ ಸಾರ್, ಈಗ ಹಬೇಲೇ ರಿಪೇರಿ ನಡೀತಿದೆ. ಇವಳು ನನ್ನ ಮೂಗನ್ನ ರಿಜೆಕ್ಟ್ ಆದ ಪೀಸ್ ಥರ ಹಿಡ್ಕೊಂಡಿದಾಳೆ. ಪಾಸ್ ಆಗೋವರ್ಗೂ ಬಿಡಲ್ಲ."

"ಮಾತಾಡ್ಬೇಡಿ, ಉಸಿರೆಳೀರಿ" ಎಂದು ಹೊರಗಿನಿಂದ ಅಪ್ಪಣೆ.

ಭಾನುವಾರ ಪರೀಕ್ಷೆ. ಯಜಮಾನರ ಕಣ್ಣಿಗೆ ಟವೆಲು ಕಟ್ಟಿ, ಎರಡು ಸ್ಟೀಲು ಡಬ್ಬಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿಯುವುದು. ಒಂದರಲ್ಲಿ ಉಜ್ಜಿದ ರೋಸ್‌ಮೇರಿ, ಇನ್ನೊಂದರಲ್ಲಿ ಬರೀ ಹುಲ್ಲು. ಸಾಕ್ಷಿಗೆ ನಾನು. ಸರ್ಕಾರಿ ಕಾರ್ಖಾನೆಯ ಉಗ್ರಾಣದಲ್ಲಿ ಇದ್ದವನಾದ್ದರಿಂದ ನನ್ನ ಪ್ರಾಮಾಣಿಕತೆಯ ಬಗ್ಗೆ ಆಕೆಗೆ ಎಲ್ಲಿಂದಲೋ ಒಂದು ವಿಶ್ವಾಸ ಬಂದಿತ್ತು. ಯಜಮಾನರು ಅಂದಾಜಿನಲ್ಲಿ ಹೇಳುತ್ತಿದ್ದರು, ತಪ್ಪುತ್ತಿದ್ದರು. "ಊಹೆ ಮಾಡ್ಬೇಡಿ. ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನಿ" ಎಂದು ಗದರಿಸಿ ಆಕೆ ಡಬ್ಬಿ ಮುಚ್ಚುತ್ತಿದ್ದರು. ಎಷ್ಟೋ ಭಾನುವಾರಗಳು ಹೀಗೆ ಕಳೆದವು.

ಒಂದು ಭಾನುವಾರ ಅವರು ಸರಿಯಾಗಿ ಹೇಳಿದರು. ಡಬ್ಬಿ ಅದಲುಬದಲು ಮಾಡಿ ಹಿಡಿದರೂ ಸರಿಯಾಗಿ ಹೇಳಿದರು. ಮುಂದಿನ ಭಾನುವಾರವೂ ತಪ್ಪಲಿಲ್ಲ. ಆಕೆ ಕುಣಿಯಲಿಲ್ಲ, ಕೂಗಲಿಲ್ಲ. ತಾರಸಿಗೆ ಹೋಗಿ ಇದ್ದಬದ್ದ ಗಿಡಗಳ ತುದಿಗಳನ್ನೆಲ್ಲ ಚಿವುಟಿ ತಂದು, ಮಡಿಲು ತುಂಬ ಹಿಡಿದು, ಪ್ರತಿ ಮನೆಗೂ ಒಂದೊಂದು ಕಡ್ಡಿ ಕೊಟ್ಟು ಬಂದರು. ಏಕೆ ಎಂದು ಯಾರೂ ಕೇಳಲಿಲ್ಲ. ಮುಖದ ಮೇಲೆ ಬರೆದಿತ್ತು.

ಅದೇ ಸಂಜೆ ಟೀ ಅಂಗಡಿಯಲ್ಲಿ ಯಜಮಾನರು ನನ್ನ ಪಕ್ಕ ಬಂದು ಕೂತರು.

"ಸಾರ್, ಅದು ವಾಸನೆ ಅಲ್ಲ."

"ಮತ್ತೆ?"

"ತಣ್ಣಗೆ ಚುಚ್ಚತ್ತೆ. ಒಳಗೆ ಎಲ್ಲೋ ಮೇಲ್ಗಡೆ, ಸೂಜಿ ತಾಗಿಸ್ದಂಗೆ. ಹುಲ್ಲು ಚುಚ್ಚಲ್ಲ, ಇದು ಚುಚ್ಚತ್ತೆ. ಅಷ್ಟೇ ಗೊತ್ತಾಗೋದು. ವಾಸನೆ ಅಂದ್ರೆ ಹೆಂಗಿರತ್ತೆ ಅಂತ ನನಗೆ ನೆನಪಿದೆ ಸಾರ್. ಇದು ಅದಲ್ಲ."

"ಆಕೆಗೆ ಹೇಳಿದ್ರಾ?"

ಅವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡಿದರು. "ಅವಳು ಕಡ್ಡಿ ಹಂಚಿದ್ದನ್ನ ನೀವೂ ನೋಡಿದ್ರಲ್ಲ" ಎಂದರು.

ಆದರೆ ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಸರಿಯುತ್ತರಕ್ಕೆ ಸಂಭ್ರಮಪಟ್ಟವರೇ ಮರುವಾರ ಸರಿಯುತ್ತರವನ್ನು ಅನುಮಾನಿಸಿದರು. ಆ ಭಾನುವಾರ ಡಬ್ಬಿಯೊಳಗೆ ರೋಸ್‌ಮೇರಿ ಹಾಕಲಿಲ್ಲ. ಕರ್ಪೂರದ ಬಿಲ್ಲೆಯೊಂದನ್ನು ಪುಡಿ ಮಾಡಿ ಹಾಕಿ, ನನಗೆ ಬಾಯಿಗೆ ಬೆರಳಿಟ್ಟು ತೋರಿಸಿ, ಯಜಮಾನರ ಮೂಗಿಗೆ ಹಿಡಿದರು. ಜಗಲಿಯಲ್ಲೆಲ್ಲ ದೇವಸ್ಥಾನದ ಮಂಗಳಾರತಿಯ ವಾಸನೆ.

"ರೋಸ್‌ಮೇರಿ" ಎಂದರು ಯಜಮಾನರು, ಟವೆಲಿನೊಳಗಿಂದ, ಸಂತೋಷದ ಧ್ವನಿಯಲ್ಲಿ.

"ಸರಿಯಾಗ್ ಹೇಳಿದ್ರಿ" ಎಂದರು ಆಕೆ.

ಡಬ್ಬಿ ಮುಚ್ಚಿ, ಟವೆಲು ಬಿಚ್ಚಿ, ಮಡಿಚಿ, ಒಳಗೆ ಹೋದರು. ಆಮೇಲೆ ಭಾನುವಾರದ ಪರೀಕ್ಷೆ ನಿಂತಿತು. ಹಬೆ ನಿಲ್ಲಲಿಲ್ಲ, ಎಣ್ಣೆ ನಿಲ್ಲಲಿಲ್ಲ, ಆಲೂಗಡ್ಡೆ ಪಲ್ಯ ನಿಲ್ಲಲಿಲ್ಲ. ಜಡೆಗೆ ಹೂವಿನ ಬದಲು ಒಂದು ಹಸಿ ಕಡ್ಡಿಯನ್ನೇ ಸಿಕ್ಕಿಸಿಕೊಳ್ಳತೊಡಗಿದರು. ಒಮ್ಮೆ ನನ್ನ ಹೆಂಡತಿ ತಡೆಯಲಾರದೆ ಕೇಳಿದಳು, ಇನ್ನೂ ಯಾಕೆ ಇಷ್ಟು ಕಷ್ಟಪಡುತ್ತೀ ಎಂದು. "ಚುಚ್ಚೋದಾದ್ರೂ ತಿಳಿಯತ್ತಲ್ಲಕ್ಕಾ. ಪಕ್ಕಕ್ಕೆ ಬಂದು ನಿಂತಿರೋಳು ನಾನು ಅಂತ ಅಷ್ಟಾದ್ರೂ ಗೊತ್ತಾಗ್ಲಿ" ಎಂದರಂತೆ. ಹೀಗೆ ತಮಗೆ ಗೊತ್ತಿದ್ದದ್ದು ಆಕೆಗೆ ಗೊತ್ತಿಲ್ಲವೆಂದು ಯಜಮಾನರೂ, ತಮಗೆ ಗೊತ್ತಿದ್ದದ್ದು ಯಜಮಾನರಿಗೆ ಗೊತ್ತಿಲ್ಲವೆಂದು ಆಕೆಯೂ ಒಂದೇ ಸೂರಿನಡಿ ಬಹಳ ಮರ್ಯಾದೆಯಿಂದ ಬಾಳಿದರು. ನಾನು ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅವರ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ.

ಆಕೆ ಹೋದದ್ದು ಕಳೆದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ. ಜ್ವರವೆಂದು ಮಲಗಿದರು, ಆಸ್ಪತ್ರೆಗೆ ಸೇರಿಸಿದರು, ಎದೆಯಲ್ಲಿ ಏನೋ ಕಟ್ಟಿತು ಎಂದರು, ವಾರ ತುಂಬುವ ಮೊದಲೇ ಮುಗಿಯಿತು. ಕರೆತಂದು ಅಂಗಳದಲ್ಲಿ ಮಲಗಿಸಿದಾಗ ಬೀದಿಯ ಹುಡುಗಿಯರು ತಾರಸಿಗೆ ಹೋಗಿ ಕಡ್ಡಿಗಳನ್ನು ಮುರಿದು ತಂದು ಹೂವಿನ ಹಾರದ ನಡುವೆ ಸಿಕ್ಕಿಸಿದರು. ಯಜಮಾನರು ತಲೆಯ ಹತ್ತಿರ ಕೂತು ಮತ್ತೆ ಮತ್ತೆ ಬಗ್ಗುತ್ತಿದ್ದರು. ಜನ ಅದನ್ನು ದುಃಖವೆಂದುಕೊಂಡರು. ಅವರು ಮೂಸುತ್ತಿದ್ದರು.

ಗಿಡಗಳನ್ನು ಅವರು ಸಾಯಗೊಡುವುದಿಲ್ಲವೆಂದು ಹಟ ಹಿಡಿದರು. ಬೆಳಿಗ್ಗೆಯೂ ನೀರು, ಸಂಜೆಯೂ ನೀರು. ರೋಸ್‌ಮೇರಿ ಒಣ ಮಣ್ಣಿನ ಗಿಡ. ಬಾಯಾರಿದರೂ ತಡೆಯುತ್ತದೆ, ಉಪಚಾರ ತಡೆಯುವುದಿಲ್ಲ. ಬೇರು ಕೊಳೆತ ವಾಸನೆ ಬರುತ್ತಿದೆ, ನೀರು ನಿಲ್ಲಿಸಿ ಎಂದು ನನ್ನ ಹೆಂಡತಿ ಹೇಳುವಷ್ಟರಲ್ಲಿ ತಡವಾಗಿತ್ತು. ಆ ವಾಸನೆ ಅವರಿಗೆ ಹೇಗೆ ಗೊತ್ತಾಗಬೇಕು? ಮಳೆಗಾಲದ ನಡುವಿಗೆ ಬಕೆಟ್ಟುಗಳಲ್ಲೂ ತುಳಸಿಯ ಪಕ್ಕದಲ್ಲೂ ಕಂದು ಕಡ್ಡಿಗಳಷ್ಟೇ ಉಳಿದವು. ಅವನ್ನೂ ಕಿತ್ತು ಕಾರ್ಪೊರೇಷನ್ ಗಾಡಿಗೆ ಹಾಕಿದ್ದಾಯಿತು. ರಾಯಚೂರಿನ ಹೆಂಗಸು ಅಷ್ಟರಲ್ಲಿ ಕೋಣೆ ಬಿಟ್ಟು ಚಂದಾಪುರಕ್ಕೆ ಹೋಗಿದ್ದರು. ಆಕೆ ಮನೆಮನೆಗೆ ಹಂಚಿದ್ದ ಕಡ್ಡಿಗಳು ಯಾವತ್ತೋ ಪಲ್ಯಕ್ಕೆ ಹೋಗಿದ್ದವು, ಹುಡುಗಿಯರ ಬಾಟಲಿಗಳು ಖಾಲಿಯಾಗಿದ್ದವು. ನಮ್ಮ ಬೀದಿಯಲ್ಲಿ ರೋಸ್‌ಮೇರಿ ಎಂಬುದು ಯಾವ ರೂಪದಲ್ಲೂ ಉಳಿಯಲಿಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ವಾಸನೆ ಬರತೊಡಗಿದ್ದು ಆಮೇಲೆ.

ಮೊದಲು ಗೊತ್ತಾದದ್ದು ನನ್ನ ಹೆಂಡತಿಗೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬಾಗಿಲು ಸಾರಿಸಲು ಹೋದವಳು ಪೊರಕೆ ಹಿಡಿದುಕೊಂಡೇ ಒಳಗೆ ಬಂದಳು. "ಅವಳು ಈಗ ತಾನೆ ಈ ಕಡೆ ಹೋದಂಗಾಯ್ತು ಕಣ್ರೀ" ಎಂದಳು. ನಾನು ನಕ್ಕೆ. ಮರುವಾರ ಹೂವು ಮಾರುವಾಕೆ ಬುಟ್ಟಿ ಇಳಿಸದೆ ಬೀದಿಯ ನಡುವೆ 'ಯಾರ್ ಹಚ್ಕೊಂಡಿದೀರಮ್ಮ ಅಕ್ಕನ ಎಣ್ಣೆ?' ಎಂದು ಕೇಳುತ್ತಿದ್ದುದು ಕೇಳಿಸಿತು. ಹಾಲಿನವರಿಗೂ ತಾಗಿತು. ಪ್ರತಿದಿನವಲ್ಲ, ಬಂದರೆ ಅದೇ ಹೊತ್ತಿಗೆ, ಕೊನೆಯ ಮನೆಯಿಂದ ತಿರುವಿನವರೆಗೆ, ಒಬ್ಬರು ನಿಧಾನವಾಗಿ ನಡೆದು ಹೋಗುವಷ್ಟು ಹೊತ್ತು.

ನಾನು ಇಂಥವನ್ನು ನಂಬುವವನಲ್ಲ. ಉಗ್ರಾಣದಲ್ಲಿ ಒಂದು ವಸ್ತು ಇದ್ದರೆ ಎಲ್ಲಿಂದಲೋ ಬಂದಿರಬೇಕು. ಹಾಗಾಗಿ ಯಥಾವಿಧಿ ತನಿಖೆ ನಡೆಸಿದೆ. ತಾರಸಿಯ ಮೂಲೆಗಳನ್ನು ತಡಕಿದೆ. ಬೀದಿಯ ಸೋಪು, ಶಾಂಪೂ, ಊದುಬತ್ತಿ, ನೆಲ ಒರೆಸುವ ದ್ರವ ಎಲ್ಲವನ್ನೂ ಒಂದಲ್ಲ ಒಂದು ನೆಪದಿಂದ ಮೂಸಿದೆ. ಎದುರುಮನೆಯ ಬಚ್ಚಲಲ್ಲಿ ಸಿಕ್ಕಿಬಿದ್ದಾಗ ನನ್ನ ಹೆಂಡತಿ, "ಈ ವಯಸ್ಸಲ್ಲಿ ಮರ್ಯಾದೆ ಕಳೀಬೇಡಿ" ಎಂದು ತನಿಖೆಯನ್ನು ರದ್ದು ಮಾಡಿದಳು. ಏನೂ ಸಿಕ್ಕಲಿಲ್ಲ.

ಯಜಮಾನರಿಗೆ ಹೇಳಬಾರದೆಂದು ಬೀದಿ ಒಕ್ಕೊರಲಿನಿಂದ ತೀರ್ಮಾನಿಸಿತು. ಯಾರದೋ ಹೆಂಡತಿ ಸತ್ತ ಮೇಲೆ ಬರುತ್ತಾಳೆ, ಬೀದಿಗೆಲ್ಲ ಗೊತ್ತಾಗುತ್ತದೆ, ಗಂಡನೊಬ್ಬನಿಗೆ ಗೊತ್ತಾಗುವುದಿಲ್ಲ ಎಂಬುದನ್ನು ಯಾವ ಬಾಯಿಯಿಂದ ಹೇಳುವುದು? ಆದರೆ ಅವರು ಬೆಳಿಗ್ಗೆ ಹೊತ್ತು ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. ಒಂದು ದಿನ ನನ್ನನ್ನು ಕರೆದರು.

"ಸಾರ್, ಜನ ನಡೀತಾ ನಡೀತಾ ನಿಂತ್ಬಿಡ್ತಾರೆ. ತಲೆ ಎತ್ತಿ ಹಿಂಗೆ ಮಾಡ್ತಾರೆ. ಆಮೇಲೆ ನನ್ನ ನೋಡಿ ಬೇಗಬೇಗ ಹೋಗ್ತಾರೆ. ಏನದು?"

"ಏನಿಲ್ಲ, ಮೋರಿ..."

"ಮೋರಿ ವಾಸನೆಗೆ ಯಾರೂ ನಿಲ್ಲಲ್ಲ ಸಾರ್, ಓಡ್ತಾರೆ. ನನಗೆ ಮೂಗು ಹೋಗಿದೆ, ಕಣ್ಣು ಹೋಗಿಲ್ಲ. ಅವಳೇ ತಾನೆ?"

ಹೌದೆಂದೆ. ಬೇರೇನು ಹೇಳಲಿ? ಅವರು ಹೆದರಲಿಲ್ಲ, ಅಳಲಿಲ್ಲ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಮೈಸೂರು ಪಾಕ್ ವಿಷಯ ಅವಳು ಮನಸ್ಸಲ್ಲಿಟ್ಕೊಂಡೇ ಹೋದ್ಲು. ಕೊನೇ ಭಾನುವಾರ ಡಬ್ಬೀಲಿ ಬೇರೇನೋ ಹಿಡಿದಿದ್ದೂ ನನಗೆ ಗೊತ್ತಾಗಿತ್ತು ಸಾರ್. ಜೋರಾಗಿ ಚುಚ್ಚಿತು, ಎಲೆಯಷ್ಟು ನಯ ಇರ್ಲಿಲ್ಲ. ಏನು ಅಂತ ಮಾತ್ರ ತಿಳೀಲಿಲ್ಲ. ಆದ್ರೂ ರೋಸ್‌ಮೇರಿ ಅಂದೆ. ಅವಳು ಖುಷಿಪಡ್ಲಿ ಅಂತ."

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಒಂದೇ ಒಂದ್ಸಲ ವಾಸನೆ ಬಂದ್ರೆ ಸಾಕು ಸಾರ್. ಬಂತು ಕಣೇ ಅಂತ ಹೇಳ್ಬಿಡ್ತೀನಿ. ಅವಳು ಹೊರಟೋಗ್ಬೋದು. ಸುಮ್ಸುಮ್ನೆ ಹೇಳೋಕಾಗಲ್ಲ, ಸುಳ್ಳು ಹಿಡಿದ್ಬಿಡ್ತಾಳೆ."

ಆಮೇಲೆ ಬೀದಿಯವರು ಮುಚ್ಚಿಡಲಿಲ್ಲ. ಅವರು ಕೂತಲ್ಲಿಂದಲೇ "ಬಂದಿದ್ಲಾ?" ಎಂದು ಕೇಳುತ್ತಿದ್ದರು; ಹೂವಿನಾಕೆ "ಈಗ ನಿಮ್ ಗೇಟ್ ದಾಟಿದ್ರು ಅಣ್ಣ" ಎಂದು, ಬಸ್ಸು ಹೋಯಿತೆಂದು ಹೇಳುವಷ್ಟೇ ಸಹಜವಾಗಿ ಹೇಳುತ್ತಿದ್ದರು. ಯಜಮಾನರು ಎದ್ದು ಗೇಟಿನವರೆಗೆ ಹೋಗಿ, ಉಸಿರೆಳೆದು, ಸುಮ್ಮನೆ ವಾಪಸು ಬರುತ್ತಿದ್ದರು.

ಈ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಪೀಣ್ಯದ ಗಾಳಿ ನಿಂತಿತ್ತು. ಇದ್ದಕ್ಕಿದ್ದಂತೆ ನನ್ನ ಮೂಗಿಗೆ ಬಂತು. ತೆಳುವಾಗಿ ಅಲ್ಲ, ದೂರದಿಂದಲ್ಲ. ಎಲೆಯನ್ನು ಆಗ ತಾನೆ ಉಜ್ಜಿದಂತೆ, ಒದ್ದೆ ಜಡೆಯೊಂದು ಪಕ್ಕದಲ್ಲೇ ಬಿಚ್ಚಿದಂತೆ. ನನ್ನ ಮುಖ ನೋಡಿ ಅವರಿಗೆ ತಿಳಿಯಿತು.

"ಬಂದಿದಾಳಾ?"

"ಹೂಂ."

"ಎಲ್ಲಿ?"

ಅವರ ಎಡಗಡೆ, ಕುರ್ಚಿಯ ಕೈಗೆ ತಾಗುವಷ್ಟು ಹತ್ತಿರ. ತೋರಿಸಿದೆ. ಅವರು ಆ ಕಡೆ ತಿರುಗಿ, ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ಎದೆ ತುಂಬುವಷ್ಟು ಉಸಿರೆಳೆದು ತಡೆದು ಹಿಡಿದರು. ಬೀದಿಯಲ್ಲಿ ಕೊಡ ಹಿಡಿದು ನಿಂತವರೂ ಇತ್ತ ತಿರುಗಿದರು. ವಾಸನೆ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಅವರು ಉಸಿರು ಬಿಟ್ಟರು.

ಅವರಿಗೆ ಏನೂ ಗೊತ್ತಾಗಲಿಲ್ಲ.